ಆರು ಮರಿಗಳಲ್ಲಿ ಒಂದು ಜೋಡಿ

ಅಕ್ವೇರಿಯಂ ಅಂಗಡಿಯಲ್ಲಿ ಸಿಕ್ಲಿಡ್ ಅನ್ನುವ ಕುಟುಂಬದ ಮೀನು ಬೇಕು ಅಂದರೆ ಏಂಜೆಲ್, ಆಸ್ಕರ್, ಇಲ್ಲವೇ ತಲೆ ಉಬ್ಬಿದ ಫ್ಲವರ್‌ಹಾರ್ನ್ ತೋರಿಸುತ್ತಾರೆ. ಮೊದಲೆರಡು ದಕ್ಷಿಣ ಅಮೆರಿಕದ ಮೀನುಗಳು. ಮೂರನೆಯದು ಮನುಷ್ಯರು ಬೆರಕೆ ಮಾಡಿ ಹುಟ್ಟಿಸಿದ್ದು. ನಾನು ಹುಡುಕುತ್ತಿದ್ದದ್ದು ಆರೆಂಜ್ ಕ್ರೊಮೈಡ್. ಪೂರ್ತಿ ಬೆಳೆದರೂ ಎಂಟು ಸೆಂಟಿಮೀಟರ್ ಆಸುಪಾಸು ಇರುವ ಪುಟ್ಟ ಮೀನು. ಹಳದಿ ಬೆರೆತ ಕಿತ್ತಳೆ ಮೈ, ಪಕ್ಕೆಯಲ್ಲಿ ಕಪ್ಪು ಚುಕ್ಕೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಅಳಿವೆ, ಹಿನ್ನೀರು, ತೋಡುಗಳೇ ಇದರ ಊರು.

ನಮ್ಮ ದೇಶದ್ದೇ ಅನ್ನಬಹುದಾದ ಸಿಕ್ಲಿಡ್‌ಗಳು ಇರುವುದು ಮೂರೇ ಮೂರು. ಕೇರಳದವರು ಕರಿಮೀನ್ ಅಂತ ಕರೆದು 2010ರಲ್ಲಿ ತಮ್ಮ ರಾಜ್ಯ ಮೀನು ಮಾಡಿಕೊಂಡ ಪರ್ಲ್‌ಸ್ಪಾಟ್ ಒಂದು. ದಕ್ಷಿಣ ಕನ್ನಡದ ನದಿಗಳಲ್ಲಿರುವ ಕೆನರಾ ಪರ್ಲ್‌ಸ್ಪಾಟ್ ಇನ್ನೊಂದು. ಮೀನುಗಳ ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ 1877ರಲ್ಲಿ ಅದಕ್ಕೆ ಕೊಟ್ಟ ವೈಜ್ಞಾನಿಕ ಹೆಸರಿನಲ್ಲೇ ನಮ್ಮ ಕೆನರಾ ಇದೆ. ಮೂರನೆಯದು ಈ ಕ್ರೊಮೈಡ್. ಮಾರ್ಕೆಟಿನಲ್ಲಿ ಜಿಲೇಬಿ ಅಂತ ಸಿಗುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಆದರೆ ಅದು ಆಫ್ರಿಕಾದ್ದು, 1952ರಲ್ಲಿ ಇಲ್ಲಿಗೆ ತಂದದ್ದು. ಈಗ ಎಲ್ಲಿ ನೋಡಿದರೂ ಅದೇ. ನಮ್ಮ ಮೂರರ ಹೆಸರು ಮೀನು ಸಾಕುವ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಮಂಗಳೂರಿನ ಒಂದು ಅಂಗಡಿಯಲ್ಲಿ ಕೊನೆಗೂ ಮರಿಗಳು ಸಿಕ್ಕಿದವು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. "ಎರಡು ತಗೊಳ್ಳಿ ಮೇಡಂ, ಜೋಡಿ ನೋಡಿ ಹಿಡಿದು ಕೊಡ್ತೇನೆ" ಅಂದರು ಅಂಗಡಿಯವರು. "ಬೇಡ, ಆರು ಕೊಡಿ. ಯಾವುದಾದರೂ ಆಗ್ತದೆ" ಅಂದೆ.

ಅಷ್ಟು ಚಿಕ್ಕ ಮರಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಈ ಜಾತಿಯಲ್ಲಂತೂ ದೊಡ್ಡವಾದ ಮೇಲೂ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಸಣ್ಣ ನಳಿಕೆ ಹೊರಗೆ ಬರುತ್ತದೆ. ಹೆಣ್ಣಿನದು ದಪ್ಪ ಮೊಂಡು, ಗಂಡಿನದು ಸಪೂರ ಚೂಪು. ನಂಬಬಹುದಾದ ಗುರುತು ಅದೊಂದೇ. ಗಂಡು ಹೆಣ್ಣು ಸಮಸಮ ಹುಟ್ಟುತ್ತವೆ ಅಂತ ಇಟ್ಟುಕೊಂಡರೆ, ಎರಡೇ ಮರಿ ತಂದಾಗ ಎರಡೂ ಗಂಡೋ ಎರಡೂ ಹೆಣ್ಣೋ ಆಗುವ ಸಾಧ್ಯತೆ ಅರ್ಧಕ್ಕರ್ಧ. ಆರು ತಂದರೆ ಅದು 32ರಲ್ಲಿ ಒಂದಕ್ಕೆ ಇಳಿಯುತ್ತದೆ.

ಇದು ಬರೀ ಲೆಕ್ಕದ ಮಾತು. ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಒಂದು ಗಂಡು, ಒಂದು ಹೆಣ್ಣು ಇದ್ದ ಮಾತ್ರಕ್ಕೆ ಸಿಕ್ಲಿಡ್‌ಗಳು ಜೋಡಿಯಾಗುವುದಿಲ್ಲ. ನಾವು ಗೊತ್ತು ಮಾಡಿದ ಸಂಬಂಧ ಅವುಗಳಿಗೆ ಒಪ್ಪಿಗೆ ಆಗಬೇಕು ಅಂತೇನೂ ಇಲ್ಲ. ಒಪ್ಪಿಗೆ ಆಗದಿದ್ದರೆ ಒಂದು ಇನ್ನೊಂದನ್ನು ಮೂಲೆಗೆ ಅಟ್ಟಿ ರೆಕ್ಕೆ ಹರಿದು ಹಾಕುತ್ತದೆ. ಮರಿಯಿಂದ ಗುಂಪಿನಲ್ಲಿ ಬೆಳೆದರೆ ಅವೇ ಒಂದನ್ನೊಂದು ನೋಡಿಕೊಂಡು ಆರಿಸಿಕೊಳ್ಳುತ್ತವೆ. ಗುಂಪಿದ್ದಾಗ ಜಗಳವೂ ಹಂಚಿಹೋಗುತ್ತದೆ, ಒಂದೇ ಮೀನು ಪೆಟ್ಟು ತಿನ್ನುವುದಿಲ್ಲ. ನಮ್ಮ ಕೆಲಸ ನೀರು ಚೆನ್ನಾಗಿಟ್ಟು ಕಾಯುವುದು, ಅಷ್ಟೇ.

ತೊಟ್ಟಿ ಮೂರು ಅಡಿ ಉದ್ದದ್ದು, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್ ಹಿಡಿಯುತ್ತದೆ. ಅಡಿಯಲ್ಲಿ ಸಣ್ಣ ಮರಳು. ಮರಿಗಳು ಬರುವ ಮೊದಲೇ ಸ್ಪಾಂಜ್ ಫಿಲ್ಟರ್ ಹಾಕಿ, ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಓಡಿಸಿದ್ದೆ. ನಮ್ಮದು ಬಾವಿ ನೀರು. ಕೆಂಪು ಮುರಕಲ್ಲಿನ ಜಾಗದ ನೀರು ಮೆದು, ಸ್ವಲ್ಪ ಆಮ್ಲದ ಕಡೆಗೆ ವಾಲಿದ್ದು. ಅಳಿವೆಯ ಮೀನಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಅದಕ್ಕೆ ಉಪಾಯ ಅಡುಗೆಮನೆಯಲ್ಲೇ ಸಿಕ್ಕಿತು. ಮರುವಾಯಿ ಸುಕ್ಕ ಮಾಡಿದ ದಿನ ಉಳಿದ ಚಿಪ್ಪುಗಳನ್ನು ಚೆನ್ನಾಗಿ ತಿಕ್ಕಿ, ಕುದಿಸಿ, ಒಣಗಿಸಿ, ಪುಡಿ ಮಾಡಿ ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಟ್ಟೆ. ಚಿಪ್ಪಿನ ಸುಣ್ಣ ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡುತ್ತದೆ. ಜೊತೆಗೆ ಲೀಟರಿಗೆ ಎರಡು-ಮೂರು ಗ್ರಾಂ ಸಮುದ್ರ ಅಕ್ವೇರಿಯಂನ ಉಪ್ಪು. ಉಪ್ಪಿಲ್ಲದ ನೀರಿನಲ್ಲೂ ಇವು ಬದುಕುತ್ತವೆ. ಆದರೆ ಸ್ವಲ್ಪ ಉಪ್ಪಿದ್ದರೆ ಹೆಚ್ಚು ಗಟ್ಟಿಮುಟ್ಟಾಗಿರುತ್ತವೆ ಅನ್ನುವುದು ನನ್ನ ಅನುಭವ.

ಕೊನೆಗೆ ಹಳೇ ಮನೆಯ ಮಾಡಿನಿಂದ ಇಳಿಸಿದ್ದ ಒಂದು ಮಂಗಳೂರು ಹೆಂಚನ್ನು ಎರಡು ತುಂಡು ಮಾಡಿ ಓರೆಯಾಗಿ ನಿಲ್ಲಿಸಿದೆ.

ಮೂಲ್ಕಿಯಿಂದ ಬಂದ ಅಮ್ಮ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತು ನೋಡಿ, "ಎಂತ ಮಾರಾಯ್ತಿ, ಇದು ನಮ್ಮ ತೋಡಿನಲ್ಲಿ ಇದ್ದದ್ದೇ ಅಲ್ವಾ? ಆದರೆ ಅದು ಇಷ್ಟು ಹಳದಿ ಇರ್ಲಿಲ್ಲ" ಅಂದರು. ಅಮ್ಮನ ಕಣ್ಣು ಸರಿಯಾಗಿಯೇ ಹಿಡಿದಿತ್ತು. ಕಾಡು ಮೀನಿನ ಬಣ್ಣ ಮಂಕು, ಬೂದು-ಹಸಿರು ಬೆರೆತ ಹಳದಿ. ಅಂಗಡಿಯಲ್ಲಿ ಸಿಗುವುದು ಬಣ್ಣಕ್ಕಾಗಿಯೇ ಆರಿಸಿ ಬೆಳೆಸಿದ ತಳಿ. ಮೀನು ಒಂದೇ.

ಕೆಲವು ತಿಂಗಳು ಆರೂ ಒಟ್ಟಿಗೇ ತಿರುಗಾಡಿಕೊಂಡಿದ್ದವು. ಸಣ್ಣ ಪೆಲೆಟ್, ಸೊಳ್ಳೆ ಮರಿ, ಆಗಾಗ ಸ್ಪಿರುಲಿನಾ. ಹೆಂಚಿನ ಮೇಲೆ ಬೆಳೆದ ಪಾಚಿಯನ್ನೂ ಕೆರೆದು ತಿನ್ನುತ್ತಿದ್ದವು. ಈ ಭಾಗದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಮಳೆಗಾಲದ ಒಂದು ಭಾನುವಾರ ಬೆಳಗ್ಗೆ ಆಹಾರ ಹಾಕಲು ಹೋದಾಗ ನಾಲ್ಕೇ ಮೀನು ಮೇಲೆ ಬಂದವು. ಉಳಿದೆರಡು ಎಡಗಡೆಯ ಹೆಂಚಿನ ಹತ್ತಿರವೇ ಇದ್ದವು. ಅವುಗಳ ಬಣ್ಣ ಬದಲಾಗಿತ್ತು. ಹೊಟ್ಟೆಯ ಕೆಳಭಾಗ ಮತ್ತು ಅಲ್ಲಿನ ಜೋಡಿ ರೆಕ್ಕೆಗಳು ಮಸಿ ಬಳಿದ ಹಾಗೆ ಕಪ್ಪಾಗಿದ್ದವು. ಮೇಲಿನ ಕಿತ್ತಳೆ ಇನ್ನೂ ಗಾಢ. ನಾನು ಕಾಫಿ ಲೋಟ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಎರಡೂ ಎದುರುಬದುರು ನಿಂತು ತಲೆ ಅದುರಿಸುತ್ತಿದ್ದವು, ಆಮೇಲೆ ಪಕ್ಕ ತಿರುಗಿ ಬಾಲದಿಂದ ನೀರನ್ನು ಒಂದರ ಮೇಲೊಂದು ತಳ್ಳುತ್ತಿದ್ದವು. ಒಂದೆರಡು ಸಲ ಬಾಯಿಗೆ ಬಾಯಿ ಕಚ್ಚಿ ಎಳೆದಾಡಿದವು. ನೋಡುವವರಿಗೆ ಜಗಳ ಅನ್ನಿಸುತ್ತದೆ. ಆದರೆ ಎರಡೂ ಬಿಟ್ಟು ಓಡುತ್ತಿರಲಿಲ್ಲ, ರೆಕ್ಕೆ ಹರಿದಿರಲಿಲ್ಲ. ಬಿಟ್ಟ ತಕ್ಷಣ ಎರಡೂ ಅಕ್ಕಪಕ್ಕ ಬಂದು ಹೆಂಚಿನ ಒಂದೇ ಜಾಗವನ್ನು ಬಾಯಿಂದ ಕೆರೆದು ಸ್ವಚ್ಛ ಮಾಡತೊಡಗಿದವು. ಬೇರೆ ನಾಲ್ಕರಲ್ಲಿ ಯಾವುದಾದರೂ ಆ ಕಡೆ ಬಂದರೆ ಸಾಕು, ಇಬ್ಬರೂ ಸೇರಿ ಅಟ್ಟುತ್ತಿದ್ದರು. ಜೋಡಿ ಆಗಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಧ್ಯಾಹ್ನದ ಹೊತ್ತಿಗೆ ಆ ನಾಲ್ಕೂ ಬಲಗಡೆಯ ಮೂಲೆಯಲ್ಲಿ, ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡು ನಿಂತಿದ್ದವು. ಈಗ ಯಾರನ್ನು ತೆಗೆಯುವುದು? ಜೋಡಿಯನ್ನು ಬೇರೆ ತೊಟ್ಟಿಗೆ ಹಾಕಿ ಅನ್ನುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಅವು ಆರಿಸಿಕೊಂಡದ್ದು ಒಂದನ್ನೊಂದು ಮಾತ್ರ ಅಲ್ಲ, ಆ ಜಾಗವನ್ನೂ ಹೌದು. ಬಲೆ ಹಾಕಿ ಎತ್ತಿದರೆ ಎಷ್ಟೋ ಸಲ ಜೋಡಿಯೇ ಮುರಿದುಹೋಗುತ್ತದೆ. ನಾಲ್ಕನ್ನು ತೆಗೆದು, ಅದೇ ತೊಟ್ಟಿಯ ನೀರು ತುಂಬಿಸಿದ ಎರಡು ಅಡಿ ತೊಟ್ಟಿಗೆ ಬಿಟ್ಟೆ.

ಮಾರನೇ ದಿನ ಹೆಂಚಿನ ಓರೆಯಲ್ಲಿ ಮೊಟ್ಟೆಗಳಿದ್ದವು. ಒಂದೊಂದೂ ಪುಟ್ಟ ದಾರದಲ್ಲಿ ಅಂಟಿಕೊಂಡು, ಹಳದಿ ಕಂದು ಬಣ್ಣ. ಒಬ್ಬರು ರೆಕ್ಕೆಯಿಂದ ಗಾಳಿ ಹಾಕಿದ ಹಾಗೆ ನೀರು ಆಡಿಸುವುದು, ಇನ್ನೊಬ್ಬರು ಕಾವಲು. ಸ್ವಲ್ಪ ಹೊತ್ತಿಗೆ ಬದಲಿ. ಬಿಳಿ ತಿರುಗಿದ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತಿದ್ದವು. ಈ ಹೊತ್ತಿನಲ್ಲಿ ಕೈ ಹಾಕಬಾರದು, ತೊಟ್ಟಿಯ ಮುಂದೆ ಜನ ಸೇರಬಾರದು. ಹೆದರಿದರೆ ತಾವೇ ಮೊಟ್ಟೆ ತಿಂದುಬಿಡುತ್ತವೆ. ಗಾಜಿನ ಮೂರು ಬದಿಗೆ ಹಳೇ ಪೇಪರ್ ಅಂಟಿಸಿದೆ. ಮಳೆಗೆ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲಿ, ಬ್ಯಾಟರಿಯ ಏರ್ ಪಂಪ್ ಪಕ್ಕದಲ್ಲೇ ಇತ್ತು.

ಮೊಟ್ಟೆ ಒಡೆಯಲು ನಾಲ್ಕೈದು ದಿನ ಬೇಕು. ಅಷ್ಟರೊಳಗೆ ಅವು ಮರಳಿನಲ್ಲಿ ಬಾಯಿಂದಲೇ ಗುಂಡಿಗಳನ್ನು ತೋಡಿದ್ದವು. ಒಡೆದ ಮರಿಗಳನ್ನು ಬಾಯಲ್ಲಿ ಹೊತ್ತು ತಂದು ಗುಂಡಿಗೆ ಹಾಕುತ್ತವೆ, ಮತ್ತೆ ಅಲ್ಲಿಂದ ಇನ್ನೊಂದು ಗುಂಡಿಗೆ ಸಾಗಿಸುತ್ತವೆ. ಬಾಲ ಅಲ್ಲಾಡಿಸುತ್ತಾ ಬಿದ್ದಿರುವ ಆ ರಾಶಿಗೆ ಇನ್ನೂ ಈಜಲು ಬಾರದು. ಹೊಟ್ಟೆಯ ಹಳದಿ ಚೀಲವೇ ಊಟ.

ಈಜಲು ಶುರು ಮಾಡಿದ ಮೇಲೆ ನೋಡಿದ್ದನ್ನು ನಾನು ಯಾರ ಹತ್ತಿರ ಹೇಳದೆ ಬಿಟ್ಟಿಲ್ಲ. ಮರಿಗಳು ಅಪ್ಪ ಅಮ್ಮನ ಮೈಗೆ ಮುತ್ತಿಕೊಂಡು ಪಕ್ಕೆಯನ್ನು ಕುಟುಕುತ್ತಿದ್ದವು. ತಿನ್ನುತ್ತಿದ್ದದ್ದು ಮೈಮೇಲಿನ ಲೋಳೆಯನ್ನು. ಅಮೆಜಾನಿನ ಸಿಕ್ಲಿಡ್ ಆದ ಡಿಸ್ಕಸ್ ಮೀನಿನಲ್ಲಿ ಇದು ಮೀನು ಸಾಕುವವರಿಗೆಲ್ಲ ಗೊತ್ತು. ನಮ್ಮ ತೋಡಿನ ಮೀನೂ ಹೀಗೇ ಮರಿ ಸಾಕುತ್ತದೆ ಅಂದರೆ ನಂಬುವವರು ಕಡಿಮೆ. ಕೈಮಸೂರ ಹಿಡಿದು ನೋಡಿದೆ. ಒಂದು ಮರಿ ಬಂದು ಹುರುಪೆಯ ಮೇಲೆ ಬಾಯಿ ಇಟ್ಟು, ಚಕ್ಕನೆ ಹಿಂದೆ ಸರಿದು, ಮತ್ತೆ ಬರುತ್ತಿತ್ತು. ದೊಡ್ಡ ಮೀನು ಕದಲದೆ ನಿಂತಿರುತ್ತಿತ್ತು. ಜೊತೆಗೆ ನಾನು ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಪುಟ್ಟ ಜೀವಿಯ ಮರಿಗಳನ್ನೂ ಕೊಡುತ್ತಿದ್ದೆ.

ಇನ್ನು ಆ ಕಪ್ಪು ರೆಕ್ಕೆಗಳು. ಯಾರಾದರೂ ಹತ್ತಿರ ಬಂದರೆ ದೊಡ್ಡ ಮೀನು ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಪಟಪಟ ಬಿಚ್ಚಿ ಮುಚ್ಚುತ್ತದೆ. ಚದುರಿದ ಮರಿಗಳೆಲ್ಲ ಆ ಕ್ಷಣವೇ ಒಟ್ಟಾಗುತ್ತವೆ. ಕಿತ್ತಳೆ ಮೈಯಲ್ಲಿ ಆ ಜಾಗ ಮಾತ್ರ ಯಾಕೆ ಕಪ್ಪಾಗುತ್ತದೆ ಅನ್ನುವುದು ಆಗ ಅರ್ಥವಾಯಿತು. ಕರೆ ಕಾಣಬೇಕಲ್ಲ.

ಎರಡು ಅಡಿ ತೊಟ್ಟಿಯ ನಾಲ್ಕರಲ್ಲೂ ಈಗ ಎರಡು ಮೀನು ಅಲ್ಲಿಟ್ಟ ಹೆಂಚಿನ ತುಂಡಿನ ಹತ್ತಿರವೇ ಸುಳಿದಾಡುತ್ತಿವೆ, ಇನ್ನೂ ಬಣ್ಣ ಬಂದಿಲ್ಲ. ಮರಿಗಳು ಬೆರಳ ತುದಿಯಷ್ಟಾಗಿವೆ. ಗೆಳತಿಯೊಬ್ಬಳು ಕೇಳಿದ್ದಾಳೆ, ಪಕ್ಕದ ಮನೆಯ ಹುಡುಗ ಆಗಲೇ ತೊಟ್ಟಿ ತಂದು ಫಿಲ್ಟರ್ ಓಡಿಸಲು ಶುರು ಮಾಡಿದ್ದಾನೆ. "ಆಂಟಿ, ನಂಗೆ ಎರಡು ಸಾಕು" ಅಂದ. "ಆರಕ್ಕಿಂತ ಕಡಿಮೆ ಕೊಡುವುದಿಲ್ಲ ಮಗಾ, ಹೆಂಚಿನ ತುಂಡೂ ನಾನೇ ಕೊಡ್ತೇನೆ" ಅಂತ ಹೇಳಿದ್ದೇನೆ.