ಕಪ್ಪು ಚೌಕಗಳ ಆಚೆ ಕೂತವರು

ಇಂಗ್ಲಿಷ್ ಕ್ಲಾಸು ಮುಂದಿನ ಸೆಮಿಸ್ಟರ್‌ನಲ್ಲೂ ಅರ್ಧ ಆನ್‌ಲೈನ್ ಇರಬೇಕಾ ಬೇಡವಾ ಅಂತ ತೀರ್ಮಾನಿಸಲು ನಮ್ಮ ವಿಭಾಗದಲ್ಲಿ ಒಂದು ಮಧ್ಯಾಹ್ನ ಸಭೆ ಸೇರಿದೆವು. ವಿದ್ಯಾರ್ಥಿಗಳನ್ನೂ ಕರೆದಿದ್ದೆವು. 2020ರಲ್ಲಿ ಕೊರೊನಾ ಬಂದಾಗ ಯಾರಿಗೂ ಆಯ್ಕೆ ಇರಲಿಲ್ಲ. ಈಗ ಇದೆ. ಜಗಳಕ್ಕೆ ಅಷ್ಟು ಸಾಕಲ್ವಾ?

ಮಾತು ಶುರು ಮಾಡಿದ್ದು ನಾವು ಮೇಷ್ಟ್ರುಗಳು. ಯಾರೂ ಕ್ಯಾಮೆರಾ ಹಾಕುವುದಿಲ್ಲ, ಪ್ರಶ್ನೆ ಕೇಳಿದರೆ ಉಸಿರೇ ಇಲ್ಲ, ಕಪ್ಪು ಚೌಕಗಳಿಗೆ ಪಾಠ ಮಾಡಿ ಮಾಡಿ ಸಾಕಾಗಿದೆ ಎಂದೆವು.

ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ವಾಯ್ಸ್ ರೆಕಾರ್ಡಿಂಗ್ ಅಸೈನ್‌ಮೆಂಟ್ ಕೊಡ್ತೀರಲ್ಲ, ಅದರಲ್ಲಿ ಮಾತ್ರ ನಾನು ಇಂಗ್ಲಿಷ್ ಮಾತಾಡೋದು. ತಪ್ಪಾದರೆ ಅಳಿಸಿ ಮತ್ತೆ ಹೇಳ್ತೀನಿ. ನಗೋರು ಯಾರೂ ಇರಲ್ಲ." ಅವಳ ರೆಕಾರ್ಡಿಂಗ್‌ಗಳು ನನಗೆ ನೆನಪಿದ್ದವು. ನಿಧಾನ, ಸ್ಪಷ್ಟ, ವಾದವೂ ಗಟ್ಟಿ. ಭಯ, ಮುಜುಗರ ಜಾಸ್ತಿಯಾದರೆ ಭಾಷೆ ಒಳಗೆ ಇಳಿಯುವುದಿಲ್ಲ ಎಂದು ಅಮೆರಿಕದ ಭಾಷಾ ವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲೇ ವಾದಿಸಿದ್ದರು. ಬಿ.ಎಡ್. ಮಾಡಿದವರೆಲ್ಲ ಅದನ್ನು ಓದಿರುತ್ತಾರೆ, ಪರೀಕ್ಷೆಗೆ.

ಪಕ್ಕದ ಸಹೋದ್ಯೋಗಿ ಬಿಡಲಿಲ್ಲ. "ಇಂಟರ್‌ವ್ಯೂನಲ್ಲಿ ಡಿಲೀಟ್ ಬಟನ್ ಇರುತ್ತಾ?" ಅವರ ಮಾತೂ ಸುಳ್ಳಲ್ಲ. ಎದುರುಬದುರು ಕೂತಾಗ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡಲು ಸರಾಸರಿ ಸುಮಾರು 200 ಮಿಲಿಸೆಕೆಂಡ್ ಸಾಕು. ಹತ್ತು ಭಾಷೆಗಳಲ್ಲಿ ಅಳೆದು ನೋಡಿದ 2009ರ ಅಧ್ಯಯನ ಹಾಗೆ ಹೇಳುತ್ತದೆ. ವಿಡಿಯೋ ಕಾಲ್‌ನಲ್ಲಿ ದನಿ ತಡವಾಗಿ ಬರುತ್ತದೆ. ಇಬ್ಬರೂ ಒಟ್ಟಿಗೆ ಮಾತು ತೆಗೆಯುತ್ತಾರೆ, ಇಬ್ಬರೂ 'ಸಾರಿ, ನೀವು ಹೇಳಿ' ಅನ್ನುತ್ತಾರೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತಾರೆ. ಚರ್ಚೆ ಅಲ್ಲಿಗೇ ಸಾಯುತ್ತದೆ. ನಾವು ಅದಕ್ಕೆ ಹುಡುಗರ ಸೋಮಾರಿತನ ಅಂತ ಹೆಸರಿಟ್ಟಿದ್ದೆವು.

ಕ್ಯಾಮೆರಾ ವಿಷಯಕ್ಕೆ ಒಬ್ಬ ಹುಡುಗ ಉತ್ತರ ಕೊಟ್ಟ. ಮನೆಯಲ್ಲಿ ಇರುವುದು ಒಂದೇ ಕೋಣೆ, ಹಿಂದೆ ಅಮ್ಮ ಓಡಾಡುತ್ತಿರುತ್ತಾರೆ, ವಿಡಿಯೋ ಹಾಕಿದರೆ ಡೇಟಾ ಬೇಗ ಖಾಲಿ. ಆಮೇಲೆ ಯಾರೂ ಆ ದೂರು ಎತ್ತಲಿಲ್ಲ.

ಕೊನೆಗೆ ಚರ್ಚೆ, ಗುಂಪು ಮಾತುಕತೆ ಎಲ್ಲ ಕ್ಲಾಸ್‌ರೂಮಿಗೆ ಬಂತು. ಪ್ರಬಂಧದ ಕರಡು, ತಿದ್ದುಪಡಿ, ರೆಕಾರ್ಡಿಂಗ್ ಆನ್‌ಲೈನಲ್ಲೇ ಉಳಿಯಿತು. ಚಾಟ್‌ನಲ್ಲಿ ಬರೆದದ್ದಕ್ಕೆ 'ಭಾಗವಹಿಸುವಿಕೆ' ಅಂಕ ಕೊಡಬೇಕಾ ಎಂಬುದು ಮಾತ್ರ ಬಗೆಹರಿಯಲಿಲ್ಲ. ಕೊಡಬೇಕು ಅಂತ ನಾನು, ಬೇಡ ಅಂತ ಸಹೋದ್ಯೋಗಿ. ಮುಂದಿನ ಸಭೆಗೆ ಅದನ್ನೇ ಮೊದಲ ವಿಷಯವಾಗಿ ಬರೆದುಕೊಂಡೆವು.