ವಿಲ್ಸ್ ಹೆಸರಿನ ವಿಶ್ವಕಪ್

1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಚೆಂಡು ಹೋದ ದಿಕ್ಕಿಗೆ ಬ್ಯಾಟು ಚಾಚಿ ಕೆಣಕಿದಾಗ, ನಮ್ಮ ವೆಂಕಟೇಶ್ ಪ್ರಸಾದ್ ಮರುಚೆಂಡಿನಲ್ಲೇ ಅವರ ಆಫ್ ಸ್ಟಂಪ್ ಎಗರಿಸಿದ್ದನ್ನು ಕಂಡು ಕುಣಿದವರಲ್ಲಿ ನಾನೂ ಒಬ್ಬ. ಆ ಪಂದ್ಯಾವಳಿಯ ಹೆಸರೇ ‘ವಿಲ್ಸ್ ವಿಶ್ವಕಪ್’ ಎಂಬುದು ಅಂದು ನನಗೆ ವಿಚಿತ್ರವೆನಿಸಲಿಲ್ಲ. ಇಂದು ನೆನೆದರೆ ಕಳವಳವಾಗುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1786ರಲ್ಲಿ ತಂಬಾಕು ವ್ಯಾಪಾರಕ್ಕಿಳಿದ ವಿಲ್ಸ್ ಮನೆತನದ ಹೆಸರು ಅದು. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಲ್ಲಿ ಆರಂಭವಾದ ಐಟಿಸಿ ಅದನ್ನು ಸಿಗರೇಟಿನ ಹೆಸರಾಗಿ ನಮ್ಮಲ್ಲಿ ಮನೆಮಾತಾಗಿಸಿತು. 1977–78ರಲ್ಲಿ ಆರಂಭವಾದ ವಿಲ್ಸ್ ಟ್ರೋಫಿಯ ಮೂಲಕ ದೇಶೀಯ ಏಕದಿನ ಕ್ರಿಕೆಟ್ಟಿಗೆ ಆಸರೆ ದೊರೆಯಿತೆಂಬುದು ನಿಜ. ಆದರೆ ತೊಂಬತ್ತರ ದಶಕದಲ್ಲಿ ಭಾರತ ತಂಡದ ಅಂಗಿಯ ಮೇಲೂ ಅದೇ ಹೆಸರು ಮೂಡಿತು. ಸಿಗರೇಟು ಮುಟ್ಟಬೇಡವೆಂದು ಗದರಿಸುತ್ತಿದ್ದ ಮನೆಗಳಲ್ಲಿಯೇ ಮಕ್ಕಳು ಆ ಅಂಗಿಗೆ ಹಂಬಲಿಸಿದರು. ಪೊಟ್ಟಣದ ಜಾಹೀರಾತಿಗಿಂತ ಇದು ಹೆಚ್ಚು ಆಳಕ್ಕಿಳಿಯಿತೆಂದೇ ನನ್ನ ನಂಬಿಕೆ.

ತಂಬಾಕು ಪ್ರಾಯೋಜಕತ್ವ ನಿಷೇಧಿಸುವ ಮಸೂದೆಯ ಮಾತು ಬಂದಾಗ, 2001ರಲ್ಲಿ ಐಟಿಸಿ ತಾನಾಗಿ ಹಿಂದೆ ಸರಿಯಿತು. ತಂಡದ ಅಂಗಿಯ ಮೇಲೆ ಸಹಾರಾ ಕಂಪನಿಯ ಹೆಸರು ಬಂತು; 2003ರಲ್ಲಿ ಕಾನೂನೂ ಬಂತು.