ಹಿತ್ತಿಲಲ್ಲಿ ಜಲ್ಲಿ, ಹಳೇ ಪಕಾಸಿಯ ಬೆಂಚು

ಮಲೆನಾಡಿನಲ್ಲಿ ಮನೆ ಸುತ್ತ ಸಿಮೆಂಟ್ ಹಾಕಿಸಿದವರಿಗೆ ಜುಲೈ ತಿಂಗಳ ಕಷ್ಟ ಗೊತ್ತು. ಪಾಚಿ. ಬ್ಲೀಚಿಂಗ್ ಪೌಡರ್ ಉದುರಿಸಿ, ಕಡ್ಡಿ ಪೊರಕೆಯಲ್ಲಿ ತಿಕ್ಕಿ ತಿಕ್ಕಿ ತೊಳೆದರೂ ಸ್ವಲ್ಪ ದಿನಕ್ಕೆ ಮತ್ತೆ ಹಸಿರು. ಟೈಲ್ಸ್ ಹಾಕಿಸಿದವರ ಪಾಡಂತೂ ಕೇಳೋದೇ ಬೇಡ. ಹಾಗಾಗಿ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಹೊರಗೆ ಕೂರಲು ಒಂದು ಜಾಗ ಮಾಡೋಣ ಅಂತ ಮಾತು ಬಂದಾಗ ಸಿಮೆಂಟ್ ಬೇಡ ಅನ್ನುವುದು ಎಲ್ಲರೂ ಒಪ್ಪಿದ ಮಾತಾಗಿತ್ತು. ಜಲ್ಲಿ ಮತ್ತು ಮರ, ಎರಡರಲ್ಲೇ ಮುಗಿಸಿದೆವು. ಎರಡು ಮಳೆಗಾಲ ಕಳೆದಿದೆ, ಚೆನ್ನಾಗಿಯೇ ಇದೆ. ಹೇಗೆ ಮಾಡಿದಿರಿ ಅಂತ ತುಂಬಾ ಜನ ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ಅಂಗಳದಲ್ಲಿ ಜಲ್ಲಿ ಹಾಕುವ ಹಾಗೇ ಇಲ್ಲ, ಅಲ್ಲಿ ಅಡಿಕೆ ಒಣಗಬೇಕು. ಒಂದು ಕಲ್ಲು ಅಂಗಳಕ್ಕೆ ಬಂದರೂ ಅಮ್ಮ ಬಿಡುವುದಿಲ್ಲ. ಮಾವಿನ ಮರದ ಕೆಳಗೆ ನೆರಳು ಚೆನ್ನಾಗಿದೆ ನಿಜ, ಆದರೆ ಎಲೆ, ಹೂವು, ಸೊನೆ, ಕೊಳೆತ ಹಣ್ಣು ಎಲ್ಲಾ ಜಲ್ಲಿ ಸಂದಿಗೆ ಇಳಿದು ಅಲ್ಲೇ ಗೊಬ್ಬರವಾಗುತ್ತದೆ. ಗೊಬ್ಬರ ಆದಲ್ಲಿ ಕಳೆ ಬಂದೇ ಬರುತ್ತದೆ. ತೆಂಗಿನ ಮರದ ಕೆಳಗಂತೂ ಕೂರುವ ಪ್ರಶ್ನೆಯೇ ಇಲ್ಲ. ಕೊನೆಗೆ ಆರಿಸಿದ್ದು ಮನೆಯ ಪೂರ್ವದ ಕಡೆ, ಮರ ಇಲ್ಲದ ಬಯಲು. ಮಧ್ಯಾಹ್ನ ತಿರುಗಿದ ಮೇಲೆ ಮನೆಯ ನೆರಳೇ ಅಲ್ಲಿ ಬೀಳುತ್ತದೆ, ಬೇರೆ ನೆರಳು ಯಾಕೆ ಬೇಕು? ಸೂರಿನ ನೀರು ಬೀಳುವ ಗೆರೆಯಿಂದ ನಾಲ್ಕು ಅಡಿ ದೂರ ಬಿಟ್ಟೆವು. ಹೆಂಚಿನ ಮಾಡಿನಿಂದ ಇಳಿಯುವ ನೀರು ಜಲ್ಲಿಯನ್ನು ಗುಂಡಿ ತೋಡಿ ಹಾಕುತ್ತದೆ.

12 ಅಡಿಗೆ 10 ಅಡಿ ಜಾಗ. ಆರು ಇಂಚು ಆಳಕ್ಕೆ ಅಗೆಸಿದೆವು. ಇದನ್ನು ನೋಡಿ ಅಪ್ಪ, "ಕೂರೋಕೆ ಜಾಗ ಮಾಡ್ತಿದ್ದೀಯೋ, ಮನೆಗೆ ಪಾಯ ತೆಗಿತಿದ್ದೀಯೋ?" ಅಂತ ಕೇಳಿದರು. ಪಾಯವೇ ಅದು. ಜಾಸ್ತಿ ಜನ ಮಾಡುವುದು ಏನೆಂದರೆ ಹುಲ್ಲು ಕೆರೆದು ಅದರ ಮೇಲೇ ಸೀದಾ ಜಲ್ಲಿ ಸುರಿಯುವುದು. ಬೇಸಿಗೆಯಲ್ಲಿ ಫೋಟೋಕ್ಕೆ ಚೆನ್ನಾಗಿರುತ್ತದೆ. ಮೊದಲ ಜೋರು ಮಳೆಗೆ ಮಣ್ಣು ಮೆತ್ತಗಾಗಿ, ಕಾಲಿಟ್ಟಲ್ಲೆಲ್ಲ ಜಲ್ಲಿ ಕೆಳಗಿಳಿದು ಕೆಸರು ಮೇಲೆ ಬಂದು, ದೀಪಾವಳಿ ಹೊತ್ತಿಗೆ ಜಲ್ಲಿ ಎಲ್ಲಿ ಹಾಕಿದ್ದೆವು ಅಂತ ಹುಡುಕುವ ಸ್ಥಿತಿ. ಈ ಕೆಲಸದಲ್ಲಿ ದುಡ್ಡೂ ಬೆವರೂ ಕಣ್ಣಿಗೆ ಕಾಣದ ಕಡೆಗೇ ಹೋಗಬೇಕು. ಮೇಲಿನದ್ದು ಸುಮ್ನೆ ಅಲಂಕಾರ.

ಅಗೆದ ನೆಲಕ್ಕೆ ಒಂದು ಕಡೆ ಓರೆ ಕೊಡಬೇಕು. 10 ಅಡಿಗೆ ಎರಡು ಇಂಚು ಸಾಕು, ಕೂತವರಿಗೆ ಗೊತ್ತೂ ಆಗುವುದಿಲ್ಲ. ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದೆವು. ಇಳಿಜಾರಿನ ಕೆಳ ತುದಿಗೆ ಒಂದು ಸಣ್ಣ ಬಸಿಗಾಲುವೆ ತೆಗೆದು ತೋಟದ ಕಾಲುವೆಗೆ ಸೇರಿಸಿದೆವು. ಆಮೇಲೆ ನೆಲಕ್ಕೆ ದಿಮ್ಮಸು ಹೊಡೆದು ಗಟ್ಟಿ ಮಾಡಿ, ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ 40 ಎಂ.ಎಂ. ಜಲ್ಲಿ ನಾಲ್ಕು ಇಂಚು ಹಾಕಿ ಮತ್ತೆ ದಿಮ್ಮಸು. ಕೊನೆಗೆ 12 ಎಂ.ಎಂ. ಜಲ್ಲಿ ಎರಡು ಇಂಚು. 120 ಚದರ ಅಡಿಗೆ ಕೆಳಗಿನದು 40 ಘನ ಅಡಿ, ಮೇಲಿನದು 20 ಘನ ಅಡಿ ಆಗುತ್ತದೆ. ಹೊಡೆದಾಗ ಕುಗ್ಗುವುದನ್ನು ಲೆಕ್ಕ ಹಿಡಿದು ಸ್ವಲ್ಪ ಜಾಸ್ತಿ ತರಿಸಿ.

ಈ ಬಟ್ಟೆಯ ಬಗ್ಗೆ ಒಂದು ಮಾತು. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ತಾಡಪಾಲು ಹಾಕಿ ಸಾಕು ಅನ್ನುತ್ತಾರೆ. ಬೇಡ. ತಾಡಪಾಲಿನಲ್ಲಿ ನೀರು ಇಳಿಯುವುದಿಲ್ಲ, ಜಲ್ಲಿಯೊಳಗೆ ನಿಂತು ವಾಸನೆ ಬರುತ್ತದೆ. ಜಿಯೋಟೆಕ್ಸ್‌ಟೈಲ್ ಅಂದರೆ ದಪ್ಪ ಕಂಬಳಿ ಥರದ ಬಟ್ಟೆ, ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಚದರ ಮೀಟರಿಗೆ 200 ಗ್ರಾಂ ತೂಕದ್ದಾದರೆ ಒಳ್ಳೆಯದು. ಇಷ್ಟಾದರೂ ಕೊನ್ನಾರಿ ಅನ್ನುವ ಗೆಡ್ಡೆ ಕಳೆಯನ್ನು ಅದು ತಡೆಯುತ್ತದೆ ಅಂತ ನಂಬಬೇಡಿ. ಅದರ ಮೊಳಕೆ ಸೂಜಿಯ ಹಾಗೆ ಚೂಪು, ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಬರುತ್ತದೆ. ಅಗೆಯುವಾಗಲೇ ಗೆಡ್ಡೆ ಆರಿಸಿ ತೆಗೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ನಾವು ಬಾಂಡ್ಲಿಗಟ್ಟಲೆ ಆರಿಸಿದೆವು, ಅದೊಂದು ಬೇಜಾರಿನ ಕೆಲಸ.

ಹೊಳೆಯ ಉರುಟು ಕಲ್ಲು ಹಾಕಿದರೆ ಚಂದ ಅಂತ ಸುಮಾರು ಜನ ಹೇಳಿದರು. ನೋಡಲು ಚಂದವೇ. ಆದರೆ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಾಲಿಟ್ಟರೆ ಜಾರುತ್ತದೆ, ಕುರ್ಚಿ ಇಟ್ಟರೆ ಒಂದು ಕಾಲು ಹೂತು ಹೋಗುತ್ತದೆ. ಕ್ರಷರ್ ಜಲ್ಲಿಗೆ ಮೂಲೆಗಳಿವೆ, ಹಿಡಿದು ನಿಲ್ಲುತ್ತದೆ. 6 ಎಂ.ಎಂ. ಬೇಬಿ ಜಲ್ಲಿ ಇನ್ನೂ ಮೆತ್ತಗಿರುತ್ತದೆ ನಿಜ, ಆದರೆ ಚಪ್ಪಲಿ ಅಡಿಗೆ ಸಿಕ್ಕಿಕೊಂಡು ಮನೆಯೊಳಗೆ ಬರುತ್ತದೆ. ಇನ್ನೊಂದು ಸಂಗತಿ, ಸಣ್ಣ ಜಲ್ಲಿ ಕಂಡರೆ ಬೆಕ್ಕಿಗೆ ಬಹಳ ಇಷ್ಟ. ಯಾಕೆ ಅಂತ ಬೆಕ್ಕು ಸಾಕಿದವರಿಗೆ ಹೇಳಬೇಕಾಗಿಲ್ಲ.

ನಮ್ಮ ಕಡೆ ಮನೆಯ ಸುತ್ತ ಬರಿಗಾಲಲ್ಲೇ ಓಡಾಡುವುದು ಅಲ್ವಾ? ಜಲ್ಲಿ ಚುಚ್ಚುತ್ತದೆ. ಅದಕ್ಕೆ ಹಿಂಬಾಗಿಲಿಂದ ಬೆಂಚಿನವರೆಗೆ ಚಪ್ಪಡಿ ಕಲ್ಲುಗಳನ್ನು ಒಂದು ಹೆಜ್ಜೆಗೆ ಒಂದರಂತೆ ಕೂರಿಸಿದೆವು. ಬೆಂಚಿನ ಮುಂದೆ ಕಾಲಿಡುವ ಕಡೆಯೂ ಒಂದು ಉದ್ದದ ಚಪ್ಪಡಿ. ಅಳತೆಯನ್ನು ಅಮ್ಮನ ಹೆಜ್ಜೆಗೆ ಹಿಡಿದೆವು, ನನ್ನ ಹೆಜ್ಜೆಗೆ ಹಿಡಿದಿದ್ದರೆ ಅವರು ಎರಡು ಕಲ್ಲಿನ ನಡುವೆ ಜಲ್ಲಿ ಮೇಲೆ ಕಾಲಿಡಬೇಕಾಗುತ್ತಿತ್ತು. ಸುತ್ತ ಅಂಚಿಗೆ ಜಂಬಿಟ್ಟಿಗೆ. ಅದು ನೀರು ಕುಡಿದು ಪಾಚಿ ಹಿಡಿಯುತ್ತದೆ, ಆದರೆ ಅದರ ಮೇಲೆ ಯಾರೂ ನಡೆಯುವುದಿಲ್ಲವಲ್ಲ, ಹಸಿರಾದರೆ ಆಗಲಿ. ಜಲ್ಲಿಗಿಂತ ಎರಡು ಇಂಚು ಎತ್ತರ ಇರಬೇಕು, ಆಗ ಕಲ್ಲು ಅಂಗಳಕ್ಕೆ ಚೆಲ್ಲುವುದಿಲ್ಲ.

ಈಗ ಮರ. ಹೊಸ ಮರ ಕಡಿಸುವ ಯೋಚನೆಯನ್ನೇ ಮಾಡಲಿಲ್ಲ. ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿ ಬೇಕು, ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ಮಾತ್ರ ವಿನಾಯಿತಿ. ಅನುಮತಿ ಸಿಕ್ಕಿದರೂ ಹಸಿ ಮರ ಒಣಗಿ ಹದಕ್ಕೆ ಬರುವವರೆಗೆ ಕಾಯಬೇಕು. ಇಲ್ಲಿ ಹಳೇ ಹೆಂಚಿನ ಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುತ್ತಲೇ ಇರುತ್ತಾರೆ. ಅಲ್ಲಿನ ಮಾಡಿನಿಂದ ಬರುವ ತೊಲೆ, ಹೆಂಚು ಹೊರುವ ಪಕಾಸಿ, ರೀಪುಗಳು ದಶಕಗಟ್ಟಲೆ ಒಲೆಯ ಹೊಗೆ ಕುಡಿದು ಒಣಗಿದ ಮರ. ಇನ್ನು ಸೊಟ್ಟಗಾಗುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಮಗೆ ಸಿಕ್ಕಿದ್ದರಲ್ಲಿ ಮತ್ತಿ, ನಂದಿ ಎರಡೂ ಇದ್ದವು. ಆರಿಸುವಾಗ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಜಾಸ್ತಿ ಇರುವುದನ್ನು ನೋಡಿ. ಹೊರಗಿನ ಬಿಳಿ ಭಾಗವನ್ನು ಗೆದ್ದಲು, ಕುಟ್ಟೆ ಹುಳ ಮೊದಲು ತಿನ್ನುತ್ತವೆ. ಅಡಿಕೆ ದಬ್ಬೆಯಲ್ಲೂ ಬೆಂಚು ಮಾಡಬಹುದು, ಖರ್ಚಿಲ್ಲ, ಆದರೆ ಕೆಲವೇ ವರ್ಷದ ಬಾಳಿಕೆ, ಸಿಬಿರು ಬೇರೆ.

ಆಚಾರ್ರು ಕೆಲಸ ಶುರು ಮಾಡುವ ಮೊದಲು ಕೇಳಿದ್ದು ಒಂದೇ, "ಮೊಳೆ ಎಲ್ಲಾ ತೆಗೆದಿದ್ದೀರಾ?" ಹಳೇ ಮರದೊಳಗೆ ಮುರಿದು ಕೂತ ಮೊಳೆ ಒಂದು ಸಿಕ್ಕಿದರೂ ಅವರ ಮಷಿನ್ ಬ್ಲೇಡ್ ಹೋಯಿತು. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಒಂದೊಂದು ಪಕಾಸಿಯ ಮೇಲೂ ಆಡಿಸಿದೆ, ಅದು ಎಳೆದ ಕಡೆ ಸೀಮೆಸುಣ್ಣದ ಗುರುತು. ನೋಡಿದರೆ ಏನೂ ಕಾಣದ ಕಡೆಯಲ್ಲೂ ಮೊಳೆ ಇತ್ತು. ಮೇಲಿನ ಕಪ್ಪು ಪದರವನ್ನು ಅವರು ಕೆತ್ತಿದಾಗ ಒಳಗಿಂದ ಬಂದ ಕೆಂಪು ಕಂದು ಬಣ್ಣ ನೋಡಿ ಅಪ್ಪನೂ ಹತ್ತಿರ ಬಂದು ಮುಟ್ಟಿ ನೋಡಿದರು.

ಬೆಂಚಿನ ಕಾಲು ಮಣ್ಣಿಗೂ ತಾಗಬಾರದು, ಜಲ್ಲಿಗೂ ತಾಗಬಾರದು. ಒಂದೊಂದು ಕಾಲಿಗೂ ಆರು ಇಂಚು ಎತ್ತರದ ಕಲ್ಲು ಕೊಟ್ಟಿದ್ದೇವೆ. ಗೆದ್ದಲು ಕಲ್ಲನ್ನೂ ಹತ್ತುತ್ತದೆ, ಆದರೆ ಅದರ ಮಣ್ಣಿನ ಗೆರೆ ಆಗ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಿದರಾಯಿತು. ಮರದ ಕತ್ತರಿಸಿದ ತುದಿ ಹುಷಾರು, ನೀರು ಜಾಸ್ತಿ ಹೀರುವುದೇ ಅಲ್ಲಿಂದ. ಕಾಲಿನ ಬುಡಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ಮರಕ್ಕೆ ಬಹಳ ಒಳ್ಳೆಯದು, ಚರ್ಮಕ್ಕೆ ಬಿದ್ದರೆ ಗುಳ್ಳೆ ಏಳುತ್ತದೆ, ಕೈಗವಸು ಬೇಕೇ ಬೇಕು. ಕೂರುವ ಹಲಗೆಗೆ ಮಾತ್ರ ಅದನ್ನು ಹಚ್ಚಬೇಡಿ. ಹಲಗೆಗಳ ನಡುವೆ 8 ಎಂ.ಎಂ. ಸಂದಿ ಇದ್ದರೆ ನೀರು ನಿಲ್ಲುವುದಿಲ್ಲ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಬ್ಬಿಣದ್ದು ತುಕ್ಕು ಹಿಡಿದು ಸುತ್ತ ಮರವೂ ಕಪ್ಪಾಗುತ್ತದೆ. ಹಳೇ ಮತ್ತಿ ಎಷ್ಟು ಗಟ್ಟಿ ಅಂದರೆ ಮೊದಲು ಡ್ರಿಲ್‌ನಲ್ಲಿ ತೂತು ಮಾಡದೆ ಸ್ಕ್ರೂ ತಿರುಗಿಸಿದರೆ ಸ್ಕ್ರೂನೇ ತುಂಡಾಗುತ್ತದೆ.

ವಾರ್ನಿಷ್ ಹಾಕಲಿಲ್ಲ. ಬಿಸಿಲಿಗೆ ಬಿರಿದು ಸಿಪ್ಪೆ ಏಳುತ್ತದೆ, ಆಮೇಲೆ ಪೂರ್ತಿ ಉಜ್ಜಿ ತೆಗೆದು ಮತ್ತೆ ಹಾಕಬೇಕು. ಹಾಗೇ ಬಿಟ್ಟ ಮರ ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಕೆಲವರಿಗೆ ಅದು ಹಳತಾದ ಹಾಗೆ ಕಾಣುತ್ತದೆ. ಹಳತೇ ತಾನೇ? ಎತ್ತರ 18 ಇಂಚು ಇಟ್ಟು ಎರಡೂ ಕಡೆ ಕೈ ಊರಲು ಆಸರೆ ಕೊಟ್ಟಿದ್ದೇವೆ. ಮಂಡಿ ನೋವಿರುವವರಿಗೆ ಏಳಲು ಅದು ಬೇಕು. ಬೆಂಚಿನ ಅಡಿಯನ್ನು ಮುಚ್ಚಲಿಲ್ಲ. ಹಲಗೆ ಹೊಡೆದು ಮುಚ್ಚಿದರೆ ಅಲ್ಲಿ ಹಾವು ಚೇಳು ಬಂದು ಕೂತರೂ ಗೊತ್ತಾಗುವುದಿಲ್ಲ.

ಆರೈಕೆ ಪೂರ್ತಿ ಇಲ್ಲ ಅಂತೇನಲ್ಲ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಎಲೆ ಎಳೆದು ತೆಗೆದು, ಅಲ್ಲೊಂದು ಇಲ್ಲೊಂದು ಬಂದ ಗರಿಕೆ, ನಾಚಿಕೆ ಮುಳ್ಳು ಕಿತ್ತು, ಜಲ್ಲಿಯನ್ನು ಕುಂಟೆಯಲ್ಲಿ ಸಮ ಮಾಡಿದರೆ ಮುಗಿಯಿತು. ಕಳೆನಾಶಕದ ಅವಶ್ಯಕತೆ ಬಂದಿಲ್ಲ. ಅಲ್ಲಿಂದ ಇಳಿದ ನೀರು ತೋಟಕ್ಕೆ ಹೋಗುವುದರಿಂದ ನಾನು ಹೊಡೆಯುವುದೂ ಇಲ್ಲ.

ಖರ್ಚಿನಲ್ಲಿ ಮೊದಲ ಸ್ಥಾನ ಅಗೆಯುವ ಕೂಲಿಗೆ, ಆಮೇಲೆ ಚಪ್ಪಡಿ, ಆಮೇಲೆ ಜಲ್ಲಿ. ಮರ ಅಗ್ಗಕ್ಕೆ ಬಂತು, ಸ್ಕ್ರೂ ಬೆಲೆ ಕೇಳಿ ಸ್ವಲ್ಪ ತಲೆ ತಿರುಗಿತು. ಉಳಿಸಲೇಬೇಕು ಅಂದರೆ ಸದ್ಯಕ್ಕೆ ಬೆಂಚಿನ ಒರಗು ಬಿಡಿ, ಅದನ್ನು ಮುಂದಿನ ವರ್ಷವೂ ಮಾಡಿಸಬಹುದು. ಬಟ್ಟೆಯಲ್ಲಿ, ಅಗೆತದಲ್ಲಿ ಮಾತ್ರ ಉಳಿಸಲು ಹೋಗಬೇಡಿ, ಜಲ್ಲಿ ಬಿದ್ದ ಮೇಲೆ ಅದರಡಿಗೆ ಮತ್ತೆ ಕೈ ಹಾಕಲು ಆಗುವುದಿಲ್ಲ.